ಮೂರನೆಯ ಜಟೆ

ಯೋಗ್ಯಾಕಾರ್ತಾ
೮ ಏಪ್ರಿಲ್ ೨೦೧೨

ಮಾಸ್ ತುರ್ಯೋನೋ,

ಅಸ್ಸಲಾಮು ಅಲೈಕುಂ. ನಾನೂ ಮಗಳೂ ಸುಖವಾಗಿ ತಲುಪಿದೆವು ಎಂದು ಬರೆಯಬೇಕು, ಪತ್ರ ಹಾಗೇ ಶುರುವಾಗಬೇಕಲ್ಲ. ತಲುಪಿದೆವು. ಸುಖದ ಮಾತು ಆಮೇಲೆ.

ಫೋನ್ ಇರುವಾಗ ಪತ್ರವೇಕೆ ಎಂದು ಕೇಳಬೇಡಿ. ಇಲ್ಲಿಯ ಫೋನ್ ಅಡುಗೆಮನೆಯ ಗೋಡೆಯ ಮೇಲಿದೆ. ನಾನು ಮಾತಾಡುವಾಗ ಕಿನಾಸಿ ನನ್ನ ತೋಳಿಗೆ ಜೋತುಬಿದ್ದು ನಿಂತಿರುತ್ತಾಳೆ, ಕಣ್ಣು ನನ್ನ ಬಾಯಿಯ ಮೇಲೇ. ಅವಳ ಮುಂದೆ ಆಡಲಾಗದ ಮಾತೇ ಈಗ ಹೆಚ್ಚಾಗಿದೆ. ನಮ್ಮೂರ ಆಲೂಗಡ್ಡೆ ಲಾರಿ ವಾರಕ್ಕೆರಡು ಸಲ ಇಲ್ಲಿಯ ಮಾರುಕಟ್ಟೆಗೆ ಬರುತ್ತದಲ್ಲ, ಪತ್ರಗಳನ್ನು ತಂದು ಮುಟ್ಟಿಸುತ್ತೇನೆ ಎಂದು ಡ್ರೈವರ್ ಸರ್ವಾನ್ ಒಪ್ಪಿಕೊಂಡಿದ್ದಾನೆ.

ದೊಡ್ಡಾಸ್ಪತ್ರೆಯವರು ರೋಗದ ಹೆಸರು ಹೇಳಿದರು. ರಕ್ತದ ಕ್ಯಾನ್ಸರ್. ಬರೆದುಬಿಟ್ಟೆ, ಇನ್ನು ಮೇಲೆ ಈ ಪದವನ್ನು ಬರೆಯುವುದಿಲ್ಲ. ಪ್ರತಿ ಮಂಗಳವಾರ ಔಷಧಿ. ಒಂದು ಮಂಗಳವಾರವೂ ತಪ್ಪಬಾರದಂತೆ, ಎಷ್ಟು ತಿಂಗಳು ಎಂದು ಕೇಳಿದರೆ ಡಾಕ್ಟರು ನೆಲ ನೋಡುತ್ತಾರೆ.

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ನಮ್ಮಂಥವರಿಗಾಗಿಯೇ ಒಂದು ತಂಗುಮನೆ ಇದೆ. ಹನ್ನೊಂದು ಹಾಸಿಗೆ, ಹನ್ನೊಂದು ಮಕ್ಕಳು, ಹನ್ನೊಂದು ತಾಯಂದಿರು. ನೋಡಿಕೊಳ್ಳುವವರು ಬು ಹೆರ್ಮಿನ್, ನಿವೃತ್ತ ನರ್ಸ್. ಗಂಡಸಿನಂಥ ಧ್ವನಿ, ಬೈದರೆ ಮೂರು ಮನೆಗೆ ಕೇಳುತ್ತದೆ. ಓದು ಬರಹ ಕಲಿಸಲು ಒಬ್ಬ ಟೀಚರ್ ಬರುತ್ತಾರೆ. ಅಡುಗೆ ನಮ್ಮದೇ ಸರದಿ. ನಿನ್ನೆ ನನ್ನ ಸರದಿಯಿತ್ತು, "ಎಷ್ಟು ಉಪ್ಪು ಹಾಕ್ತೀರಮ್ಮ ಬೆಟ್ಟದೋರು!" ಅಂದರು ಈ ಊರಿನ ತಾಯಂದಿರು. ಇವರು ಪಲ್ಯಕ್ಕೂ ಬೆಲ್ಲ ಸುರಿಯುವ ಜನ, ನನಗೆ ಹೇಳಲು ಬಂದರು.

ಪಕ್ಕದ ಹಾಸಿಗೆಯಲ್ಲಿ ಲಿಂತಾಂಗ್ ಎಂಬ ಹುಡುಗಿ, ಒಂಬತ್ತು ವರ್ಷ, ದಕ್ಷಿಣದ ಕಡಲತೀರದ ಮೀನುಗಾರನ ಮಗಳು. ನಮ್ಮವಳಿಗೆ ಆಗಲೇ ಜೀವದ ಗೆಳತಿ.

ಡಾಕ್ಟರು ಮಗಳ ತಲೆ ನೋಡಿ, "ಏನಮ್ಮ ಇದು, ಮಗೂಗೆ ತಲೆ ಬಾಚಲ್ವಾ?" ಎಂದು ಕೇಳಿದರು. ನನಗೆ ಮೈ ಉರಿಯಿತು. "ಅದು ಬಾಚದೆ ಆದ ಗಂಟಲ್ಲ ಸ್ವಾಮಿ, ಜಟೆ. ನಮ್ಮ ಬೆಟ್ಟದ ಕೆಲವು ಮಕ್ಕಳಿಗೆ ಜ್ವರ ಬಂದು ತಾನಾಗೇ ಬರುತ್ತೆ. ನಮ್ಮ ಬೆಟ್ಟದ ಮೂಲಪುರುಷ ಕೊಲೊದೆತೆ ಅಜ್ಜ ಕೊಟ್ಟಿದ್ದು. ಮಗು ತನ್ನ ಬಾಯಲ್ಲೇ ಏನಾದರೂ ಕೇಳಬೇಕು, ಕೇಳಿದ್ದನ್ನ ಹೆತ್ತವರು ಕೊಡಬೇಕು, ಆಮೇಲೆ ಶಾಸ್ತ್ರ ಮಾಡಿ ಕತ್ತರಿಸಬೇಕು. ಹಾಗೇ ತೆಗೆದರೆ ಮಗೂಗೆ ಕೇಡು," ಅಂದೆ. ಅವರು ಇನ್ನೇನೂ ಹೇಳಲಿಲ್ಲ, ಚೀಟಿ ಬರೆದರು.

ನಿಮ್ಮಮ್ಮ ಸಿಂಬಾಗೆ ನಮಸ್ಕಾರ ತಿಳಿಸಿ. ಸೊಸೆ ಊರು ಬಿಟ್ಟಳು ಎಂದು ಅಜ್ಜಿ ಉಪವಾಸ ಕೂರದಿರಲಿ.

ವಸ್ಸಲಾಂ,
ಯಾತ್ಮಿ

•

ಕಾರಾಂಗ್‌ಸೆಮಿ, ದಿಯೆಂಗ್
೧೫ ಏಪ್ರಿಲ್ ೨೦೧೨

ಯಾತ್ಮಿ,

ನಿನ್ನ ಪತ್ರ ಸಿಕ್ಕಿತು. ಅಮ್ಮನಿಗೆ ಓದಿ ಹೇಳಿದೆ. ರೋಗದ ಹೆಸರು ಬಂದ ಸಾಲನ್ನು ಬಿಟ್ಟು ಓದಿದೆ. ಅವಳು, "ಮತ್ತೆ ಓದು, ಒಂದು ಕಡೆ ನಿನ್ನ ಉಸಿರು ನಿಂತಿತು," ಅಂದಳು. ಈ ಮುದುಕಿಯ ಮುಂದೆ ಏನೂ ಮುಚ್ಚಿಡಲಾಗುವುದಿಲ್ಲ.

ಬಾತುಗಳು ಚೆನ್ನಾಗಿವೆ. ಜಟೆ ಕತ್ತರಿಸಲು ಕಿನಾಸಿ ಮೂರು ವರ್ಷದಿಂದ ಕೇಳುತ್ತಿರುವುದು ಅದೇ ತಾನೆ, ಒಂದು ಜೋಡಿ ಬಿಳಿ ಬಾತು. ತಂದಿಟ್ಟಿದ್ದೇನೆ, ಕೊಯ್ಲಾದ ಮೇಲೆ ಶಾಸ್ತ್ರ ಎಂದುಕೊಂಡಿದ್ದೆವು. ನಿನ್ನೆ ಎರಡೂ ಪಕ್ಕದ ಹೊಲಕ್ಕೆ ನುಗ್ಗಿ ಈರುಳ್ಳಿ ಸಸಿ ಮೇದು ಬಂದವು. ಪಕ್ಕದವನು ಬಂದು, "ನಿಮ್ಮ ಬಾತುಗಳಿಗೆ ಊಟ ಹಾಕಿ, ಇಲ್ಲಾಂದ್ರೆ ನಾನೇ ಮಸಾಲೆ ಹಾಕ್ತೀನಿ," ಅಂದ.

ಯಾತ್ಮಿ, ಒಂದೇ ಮಾತು. ಜಟೆ ಜೋಪಾನ. ಎಡಗಿವಿಯ ಹಿಂದಿನ ದೊಡ್ಡದು, ನೆತ್ತಿಯ ಮೇಲಿನದು, ಕುತ್ತಿಗೆಯ ಮೇಲಿನ ಸಣ್ಣದು, ಮೂರನ್ನೂ ಯಾರೂ ಮುಟ್ಟದ ಹಾಗೆ ನೋಡಿಕೋ. ನನ್ನ ತಮ್ಮ ಪರ್ಜಾನ್‌ನ ವಿಷಯ ನಿನಗೆ ಹೇಳಿದ್ದೇನೆ. ಶಾಲೆಯಲ್ಲಿ ಯಾರೋ ಅವನ ಜಟೆ ಕತ್ತರಿಸಿದರು, ಮಳೆಗಾಲ ಮುಗಿಯುವುದರೊಳಗೆ ಜ್ವರ ಬಂದು ಹೋದ. ಆರು ವರ್ಷ ಅವನಿಗೆ. ಅವನನ್ನು ತೊಳೆದ ನೀರು ಹರಿದ ಜಾಗವನ್ನು ನಾನು ಇಂದಿಗೂ ತುಳಿಯುವುದಿಲ್ಲ. ಅಲ್ಲಿ ಯಾರಾದರೂ ಕತ್ತರಿ ಹಿಡಿದರೆ ನನಗೆ ತಿಳಿಸು. ಅಂದೇ ಬಂದು ಮಗಳನ್ನು ಕರೆದುಕೊಂಡು ಬರುತ್ತೇನೆ. ಮೊದಲು ಶಾಸ್ತ್ರ, ಆಮೇಲೆ ಔಷಧಿ.

ನಿನ್ನ,
ತುರ್ಯೋನೋ

•

ಯೋಗ್ಯಾಕಾರ್ತಾ
೨ ಮೇ ೨೦೧೨

ಮಾಸ್,

ಈ ಪತ್ರವನ್ನು ಕಳಿಸುವುದಿಲ್ಲ.

ಇಲ್ಲಿ ಪ್ರತಿ ತಾಯಿಗೂ ಒಂದು ಖಾಲಿ ಬಿಸ್ಕತ್ತಿನ ಡಬ್ಬಿ ಕೊಡುತ್ತಾರೆ. "ಯಾರಿಗೂ ಹೇಳೋಕಾಗದ್ದನ್ನ ಬರಿ, ಡಬ್ಬಿಗೆ ಹಾಕು. ಕಳಿಸೋದು ಬಿಡೋದು ನಿನ್ನಿಷ್ಟ. ಎದೇಲಿಟ್ಕೊಂಡ್ರೆ ಮಗೂಗೆ ಗೊತ್ತಾಗ್ಬಿಡುತ್ತೆ," ಅನ್ನುತ್ತಾರೆ ಬು ಹೆರ್ಮಿನ್. ನಾನು ನಕ್ಕಿದ್ದೆ. ಈಗ ಬರೆಯುತ್ತಿದ್ದೇನೆ.

ಡಾಕ್ಟರು ಅಂದು ಇನ್ನೇನೂ ಹೇಳಲಿಲ್ಲ ಎಂದು ಬರೆದಿದ್ದು ಸುಳ್ಳು. "ಅಜ್ಜ ಕೊಟ್ಟಿದ್ದಾದರೂ ಸರಿ, ಯಾರು ಕೊಟ್ಟಿದ್ದಾದರೂ ಸರಿ, ಈ ಔಷಧಿಗೆ ಕೂದಲೆಲ್ಲ ಉದುರುತ್ತೆ ಅಮ್ಮ," ಅಂದಿದ್ದರು. ನಾನು ನಂಬಲಿಲ್ಲ. ಬೇರೆ ಮಕ್ಕಳ ಕೂದಲು ಉದುರಬಹುದು, ಜಟೆ ಉದುರುತ್ತದೆಯೇ ಎಂದುಕೊಂಡೆ.

ಇಂದು ಬೆಳಿಗ್ಗೆ ಸ್ನಾನ ಮಾಡಿಸುತ್ತಿದ್ದೆ. ದೊಡ್ಡ ಜಟೆ ನನ್ನ ಕೈಗೆ ಬಂತು. ಎಳೆಯಲಿಲ್ಲ, ಅಲ್ಲಾಹುವಿನಾಣೆ, ನೀರು ಹಾಕಿದೆ ಅಷ್ಟೆ. ಒದ್ದೆ ಹಗ್ಗದ ಹಾಗೆ ಬೊಗಸೆಯಲ್ಲಿ ಕೂತಿತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಖ ತಿರುಗಿಸಿದೆ. ಅಷ್ಟರಲ್ಲಿ ನೆತ್ತಿಯದೂ ಜಾರಿತು. "ಮಾಕ್, ತಲೆ ಹಗುರ ಆಯ್ತು," ಅಂದಳು. ಕೈಯಲ್ಲಿದ್ದ ಚೊಂಬು ಬಿಟ್ಟುಬಿಟ್ಟೆ. ಮೂರನೆಯದು, ಕುತ್ತಿಗೆಯ ಮೇಲಿನ ಸಣ್ಣದು, ನಾಲ್ಕೈದು ಎಳೆಯ ಆಧಾರದಲ್ಲಿ ನೇತಾಡುತ್ತಿದೆ. ಅದನ್ನು ಬಟ್ಟೆಯಲ್ಲಿ ಸುತ್ತಿ ಪಿನ್ನು ಹಾಕಿದ್ದೇನೆ. ಅವಳು ಹೊರಳಿದರೆ ನನ್ನ ಜೀವ ಬಾಯಿಗೆ ಬರುತ್ತದೆ.

ನಿಮಗೆ ಹೇಳಿದರೆ ನೀವು ಬಂದು ಎತ್ತಿಕೊಂಡು ಹೋಗುತ್ತೀರಿ. ಬಾಗಿಲ ಪಕ್ಕದ ಹಾಸಿಗೆಯ ಮಗುವನ್ನು ಹೋದ ವರ್ಷ ಅವರಪ್ಪ ಹಾಗೇ ಕರೆದೊಯ್ದಿದ್ದನಂತೆ, ಯಾವುದೋ ನಾಟಿ ವೈದ್ಯನ ಹತ್ತಿರ. ಎರಡು ತಿಂಗಳ ಮೇಲೆ ತಿರುಗಿ ತಂದ. ಈಗ ಔಷಧಿ ಹಿಡಿಯುತ್ತಿಲ್ಲ. ಆ ತಾಯಿ ಯಾರ ಜೊತೆಗೂ ಮಾತಾಡುವುದಿಲ್ಲ, ಇಡೀ ದಿನ ಅಕ್ಕಿ ಆರಿಸುತ್ತಾಳೆ.

ಹಾಗಂತ ನನಗೆ ಹೆದರಿಕೆಯಿಲ್ಲ ಎಂದುಕೊಳ್ಳಬೇಡಿ. ನಾನೂ ಬೆಟ್ಟದಲ್ಲೇ ಹುಟ್ಟಿದವಳು. ಔಷಧಿ ತಪ್ಪಿದರೆ ಮಗಳು ಹೋಗುತ್ತಾಳೆ, ಔಷಧಿ ಕೊಟ್ಟರೆ ಜಟೆ ಹೋಗುತ್ತದೆ, ಜಟೆ ಹೋದರೆ ಮಗಳು ಹೋಗುತ್ತಾಳೆ. ಇದರಲ್ಲಿ ಯಾವುದು ನಿಜ ಎಂದು ಯಾರನ್ನು ಕೇಳಲಿ?

ಲಿಂತಾಂಗ್‌ಳ ತಾಯಿ ನೂಲಿನ ಟೋಪಿ ಹೆಣೆದು ಕೊಟ್ಟಿದ್ದಾಳೆ. ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಜಟೆಗಳನ್ನು ಕಪ್ಪು ದಾರದಲ್ಲಿ ಹೊಲಿದೆ. ಕಿನಾಸಿಗೆ ಹಾಕಿದರೆ ಏನೂ ಆಗಿಲ್ಲವೆಂಬಂತೆ ಕಾಣುತ್ತಾಳೆ. ಕನ್ನಡಿಯಲ್ಲಿ ನೋಡಿಕೊಂಡು ನನ್ನನ್ನು ನೋಡಿದಳು.

ಯಾತ್ಮಿ

•

ಯೋಗ್ಯಾಕಾರ್ತಾ
೬ ಮೇ ೨೦೧೨

ಮಾಸ್ ತುರ್ಯೋನೋ,

ಇಲ್ಲಿ ಎಲ್ಲವೂ ಚೆನ್ನಾಗಿದೆ. ಮಗಳು ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತಾಳೆ. ಅಕ್ಷರ ಕಲಿಯುತ್ತಿದ್ದಾಳೆ, ದೊಡ್ಡದಾಗಿ ಬರೆದರೆ ಓದುತ್ತಾಳೆ. ಟೀಚರ್ ತೆಗೆದ ಫೋಟೋ ಕಳಿಸಿದ್ದೇನೆ. ಚಳಿ ಇಲ್ಲದ ಊರಲ್ಲಿ ಟೋಪಿ ಏಕೆ ಎಂದರೆ, ಇಲ್ಲಿ ಮಕ್ಕಳೆಲ್ಲ ಹಾಕಿಕೊಳ್ಳುತ್ತಾರೆ, ಅದೊಂದು ಷೋಕಿ. ಜಟೆಗಳು ಹೇಗಿವೆ ನೀವೇ ನೋಡಿ. ಸಿಂಬಾಗೂ ತೋರಿಸಿ.

ವಸ್ಸಲಾಂ,
ಯಾತ್ಮಿ

•

ಕಾರಾಂಗ್‌ಸೆಮಿ
೨೦ ಮೇ ೨೦೧೨

ಸೊಸೆ ಯಾತ್ಮಿಗೆ,

ಇದು ನಿನ್ನ ಅತ್ತೆ ರುಬಿಯಾ ಹೇಳಿ ಬರೆಸುತ್ತಿರುವುದು. ಬರೆಯುವವನು ತುರ್ಯೋನೋ. ನಾನು ಆಡಿದ್ದನ್ನು ಆಡಿದ ಹಾಗೇ ಬರೆಯಬೇಕು ಎಂದು ಅವನಿಗೆ ಹೇಳಿದ್ದೇನೆ. ಅದನ್ನೂ ಬರಿ ಅಂದರೆ ಬರೆಯುತ್ತಿದ್ದಾನೆ, ಪೆದ್ದ.

ಫೋಟೋ ನೋಡಿದೆ. ನಿನ್ನ ಗಂಡ ಕಣ್ಣಿಗೊತ್ತಿಕೊಂಡು, "ನೋಡಮ್ಮಾ, ಎಷ್ಟು ಚೆನ್ನಾಗಿದ್ದಾಳೆ," ಅಂದ. ನಾನು ಬಿಸಿಲಿಗೆ ಹಿಡಿದು ನೋಡಿದೆ. ಐದು ವರ್ಷ ಆ ತಲೆಗೆ ಎಣ್ಣೆ ಹಚ್ಚಿದ ಕೈ ಇದು. ಅವಳ ದೊಡ್ಡ ಜಟೆ ಎಡಗಿವಿಯ ಹಿಂದೆ. ನೀನು ಕಳಿಸಿದ ಫೋಟೋದಲ್ಲಿ ಬಲಗಿವಿಯ ಹಿಂದೆ ಇದೆ.

ಹೊಲಿಯುವಾಗ ಟೋಪಿಯನ್ನು ನಿನ್ನ ಕಡೆಗೆ ತಿರುಗಿಸಿಕೊಂಡಿದ್ದೆಯಲ್ಲವೇ?

ನಿನ್ನ ಗಂಡ ಬರೆಯುವುದನ್ನು ನಿಲ್ಲಿಸಿ ಹೊರಗೆ ಹೋಗಿದ್ದ. ಈಗ ಬಂದ. ಮತ್ತೆ ಪೆನ್ನು ಹಿಡಿದ.

ಸುಳ್ಳು ಹೇಳಿದೆ ಎಂದು ಬೈಯುತ್ತಿಲ್ಲ. ನಾನು ಅದಕ್ಕಿಂತ ದೊಡ್ಡ ತಪ್ಪು ಮಾಡಿದ್ದೇನೆ. ಮಗುವಿಗೆ ಜ್ವರ ಬಂದಾಗ, "ಜಟೆ ಜ್ವರ ಇದು, ನಾಲ್ಕನೆಯದು ಬರ್ತಿದೆ, ಆಸ್ಪತ್ರೆಗೆ ಒಯ್ದರೆ ಅಜ್ಜನಿಗೆ ಕೋಪ ಬರುತ್ತೆ," ಎಂದು ನಾಲ್ಕು ತಿಂಗಳು ಕೂರಿಸಿಕೊಂಡವಳು ನಾನು. ದಿನಾ ಬೆಳಿಗ್ಗೆ ಅವಳ ತಲೆಯಲ್ಲಿ ಕೈಯಾಡಿಸಿ ಹೊಸ ಗಂಟು ಹುಡುಕುತ್ತಿದ್ದೆ. ಸಿಕ್ಕಿದ್ದು ಕುತ್ತಿಗೆಯ ಗೆಡ್ಡೆ. ಆಗಲೂ ಒಳ್ಳೆಯದೇ ಅಂದುಕೊಂಡೆ. ಇದನ್ನು ಬರಿ ತುರ್ಯೋನೋ. ಬಿಡಬೇಡ.

ಆದ್ದರಿಂದ ಈಗ ಎರಡನೇ ತಪ್ಪು ಆಗಕೂಡದು. ಉಳಿದದ್ದೇನಾದರೂ ಇದ್ದರೆ ಶಾಸ್ತ್ರ ಮಾಡಿಯೇ ತೆಗೆಯಬೇಕು. ಲಾರಿಯಲ್ಲಿ ನಾನೇ ಬಂದು ಮಗುವನ್ನು ಕರೆತರುತ್ತೇನೆ.

ರುಬಿಯಾ (ಹೆಬ್ಬೆಟ್ಟು)

•

ಯೋಗ್ಯಾಕಾರ್ತಾ
೨೭ ಮೇ ೨೦೧೨

ಮಾಸ್,

ಡಬ್ಬಿಯಲ್ಲಿಟ್ಟಿದ್ದ ಪತ್ರವನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಸಿಂಬಾಗೆ ಒಂದು ಸಾಲೂ ಬಿಡದೆ ಓದಿ ಹೇಳಿ. ಮೂರನೆಯ ಜಟೆ ಇನ್ನೂ ಇದೆ, ಮೂರೇ ಎಳೆಯಲ್ಲಿ. ಶಾಸ್ತ್ರ ಇಲ್ಲೇ ಮಾಡಲಿ. ಮಗಳನ್ನು ಮಾತ್ರ ಕರೆದೊಯ್ಯಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ. ಅದಕ್ಕೂ ಕೇಳದಿದ್ದರೆ ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ.

ಲಿಂತಾಂಗ್ ಹೋದಳು. ಗುರುವಾರ ಬೆಳಿಗ್ಗೆ, ಆಸ್ಪತ್ರೆಯಲ್ಲಿ. ಮಕ್ಕಳು ತಿಂಡಿಗೆ ಕೂರುವುದರೊಳಗೆ ಅವಳ ಹಾಸಿಗೆಯ ಹೊದಿಕೆ ಒಗೆದು ಹಗ್ಗದ ಮೇಲಿತ್ತು, ಹೊಸದು ಹಾಸಿಯಾಗಿತ್ತು. ಈ ಮನೆಯ ಪದ್ಧತಿ ಅದು. ಮಕ್ಕಳು ಕೇಳಿದರೆ, "ಅವಳು ಮನೆಗೆ ಹೋದಳು," ಎಂದು ಎಲ್ಲರೂ ಒಂದೇ ಮಾತು ಹೇಳಬೇಕು. ಹೇಳಿದೆವು. ಅವಳ ತಾಯಿಯನ್ನು ಹಿಂಬಾಗಿಲಿನಿಂದ ಕಳಿಸಿದರು. ನಾನು ಅವಳಿಗೊಂದು ಹಿಡಿ ಅನ್ನ ಕಟ್ಟಿಕೊಟ್ಟೆ. ಅದನ್ನು ಏಕೆ ಕೊಟ್ಟೆನೋ.

ಕಿನಾಸಿ ಮಂಚದ ಕೆಳಗೆ ಬಗ್ಗಿ ನೋಡಿದಳು. "ಮಾಕ್, ಲಿಂತಾಂಗ್ ಮನೆಗೆ ಹೋಗಿದ್ರೆ ಚಪ್ಪಲಿ ಯಾಕೆ ಬಿಟ್ಟು ಹೋದ್ಳು?"

"ಮರೆತಿರ್ತಾಳೆ."

"ಬರಿಗಾಲಲ್ಲಿ ಬಸ್ ಹತ್ತಿದ್ಳಾ?"

"ಅವರಪ್ಪ ಎತ್ಕೊಂಡು ಹೋದ್ರು."

ಅವಳು ನನ್ನನ್ನು ಟೋಪಿ ಹಾಕಿದ ದಿನ ನೋಡಿದ ಹಾಗೇ ನೋಡಿದಳು. ಅಂದಿನಿಂದ ಹೆಚ್ಚು ಮಾತಿಲ್ಲ. ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ನನಗೆ ಅವಳ ರೋಗಕ್ಕಿಂತ ಈ ಮೌನವೇ ಹೆಚ್ಚು ಹೆದರಿಕೆ ತರುತ್ತಿದೆ, ಮಾಸ್. ಏಳು ವರ್ಷದ ಮಗು ಏನು ಯೋಚಿಸುತ್ತಿದೆ ಎಂದು ನಾನು ಯೋಚಿಸಲಾರೆ.

ನೀವೂ ಬನ್ನಿ. ಒಂದು ದಿನದ ಮಟ್ಟಿಗಾದರೂ ಬನ್ನಿ.

ಯಾತ್ಮಿ

•

ಯೋಗ್ಯಾಕಾರ್ತಾ
೧೩ ಜೂನ್ ೨೦೧೨

ಮಾಸ್,

ಸಿಂಬಾ ಬಂದರು. ನೀವು ಬರಲಿಲ್ಲ. ಹೊಲದಲ್ಲಿ ಮಂಜಾಗಿ ಹೆಪ್ಪುಗಟ್ಟುವ ವಿಷದ ಇಬ್ಬನಿ ಬೀಳುವ ಕಾಲ, ಬೆಳಗಿನ ಜಾವ ನೀರು ಹಾಯಿಸಿ ಎಲೆ ತೊಳೆಯದಿದ್ದರೆ ಪೈರು ಸುಟ್ಟುಹೋಗುತ್ತದೆ, ಗೊತ್ತು. ಇಬ್ಬನಿ ಪ್ರತಿ ವರ್ಷ ಬೀಳುತ್ತದೆ. ಇನ್ನೇನೂ ಬರೆಯುವುದಿಲ್ಲ.

ಲಾರಿಯಿಂದ ಸಿಂಬಾ ಇಳಿದಾಗ ಒಂದು ಕೈಯಲ್ಲಿ ಶಾಸ್ತ್ರದ ಕತ್ತರಿ, ಇನ್ನೊಂದರಲ್ಲಿ ಬಾತುಗಳ ಬುಟ್ಟಿ. ಬು ಹೆರ್ಮಿನ್ ಗೇಟಿನಲ್ಲೇ ಅಡ್ಡ ನಿಂತರು.

"ಅಜ್ಜಿ, ಈ ಹಕ್ಕಿಗಳು ಒಳಗೆ ಬರೋ ಹಾಗಿಲ್ಲ. ಇಲ್ಲಿರೋ ಮಕ್ಕಳಿಗೆ ಒಂದು ಸಣ್ಣ ಕ್ರಿಮಿ ತಗುಲಿದ್ರೂ ತಡ್ಕೊಳ್ಳೋ ಶಕ್ತಿ ಇಲ್ಲ."

"ನನ್ನ ಬಾತು ನಿನಗಿಂತ ಶುದ್ಧವಾಗಿವೆ ಕಣಮ್ಮ. ದಿನಾ ಬೆಟ್ಟದ ಕೆರೇಲಿ ಮೀಯುತ್ವೆ."

"ಮೀಯಲಿ. ಗೇಟಿನಾಚೆ ಮೀಯಲಿ."

ಇಬ್ಬರು ಹಿರಿಯ ಹೆಂಗಸರು ಹಾಗೆ ನಿಂತಿದ್ದರೆ ನಮ್ಮಂಥವರಿಗೆ ಮಧ್ಯೆ ಬಾಯಿ ಹಾಕುವ ಧೈರ್ಯವೆಲ್ಲಿ? ಕೊನೆಗೆ ಬಾತುಗಳು ಗೇಟಿನಾಚೆ ಕಾವಲಿನವನ ಪೆಟ್ಟಿಗೆಯ ಪಕ್ಕ, ಸಿಂಬಾ ಕೈಕಾಲು ತೊಳೆದು ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಳಗೆ.

ಮಗಳ ಪಕ್ಕ ಬಂದು ಕೂತರು. ಟೋಪಿ ತೆಗೆದರು. ಬೋಳು ತಲೆಯ ಮೇಲೆ ಅಂಗೈ ಇಟ್ಟರು, ಎಣ್ಣೆ ಹಚ್ಚುವಾಗ ಇಡುವ ಹಾಗೇ. ಆಮೇಲೆ ಕುತ್ತಿಗೆಯ ಬಟ್ಟೆ ಬಿಚ್ಚಿ ಮೂರನೆಯ ಜಟೆ ನೋಡಿದರು. ಎರಡೇ ಎಳೆ ಈಗ. "ಇದು ಮಂಗಳವಾರದ ಔಷಧಿ ತಡೆಯಲ್ಲ," ಎಂದು ನನ್ನ ಕಿವಿಯಲ್ಲಿ ಹೇಳಿದರು. ಅವರ ಬಾಯಿಯ ಬಟ್ಟೆ ಒದ್ದೆಯಾಗಿತ್ತು.

ಆಮೇಲೆ ಶಾಸ್ತ್ರದ ಪ್ರಕಾರ ಕೇಳಿದರು. "ಕಿನಾಸಿ, ಮಗಾ, ಜಟೆ ಕೊಡ್ತೀಯಾ? ಕೊಟ್ರೆ ಏನು ಬೇಕು? ಬಾತು ತಂದಿದ್ದೀನಿ, ಕಿಟಕೀಲಿ ನೋಡು, ಎರಡೂ ಬಿಳೀವು."

ಅವಳು ಕಿಟಕಿಯಲ್ಲಿ ನೋಡಿದಳು. ತುಂಬ ಹೊತ್ತು ನೋಡಿದಳು. ಒಂದು ಬಾತು ರೆಕ್ಕೆ ಬಡಿಯಿತು, ಆಗ ತುಟಿ ಸ್ವಲ್ಪ ಅರಳಿತು. ಆಮೇಲೆ ಅಂದಳು, "ಬಾತು ಬೇಡ ಸಿಂಬಾ."

"ಮತ್ತೇನು ಬೇಕು? ಸೈಕಲ್ಲಾ? ಕೇಳು, ಏನಾದ್ರೂ ಕೇಳು."

"ನಿಜ ಹೇಳ್ಬೇಕು. ಲಿಂತಾಂಗ್ ಎಲ್ಲಿ ಹೋದ್ಳು? ನಾನೂ ಅಲ್ಲಿಗೆ ಹೋಗ್ತೀನಾ?"

ಅಡುಗೆಮನೆಯಲ್ಲಿ ಯಾರೋ ಕಾಯಿ ತುರಿಯುತ್ತಿದ್ದವರು ನಿಲ್ಲಿಸಿದರು. ಬು ಹೆರ್ಮಿನ್ ಬಾಗಿಲಲ್ಲಿ ನಿಂತಿದ್ದರು. ನಾನು, "ಅದೆಲ್ಲ ಬೇಡಮ್ಮ, ಬೇರೆ ಏನಾದ್ರೂ ಕೇಳು," ಅಂದುಬಿಟ್ಟೆ. ಸಿಂಬಾ ನನ್ನ ಮೇಲೆ ಸಿಡಿದರು. "ಬಾಯಿ ಮುಚ್ಚು! ಮಗು ಕೇಳಿದ್ದನ್ನ ಬದಲಾಯಿಸೋ ಹಾಗಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಹೀಗಂತೀಯಲ್ಲ!" ಮೂರು ಸಲ ಕೇಳಬೇಕಲ್ಲ, ಮೂರು ಸಲ ಕೇಳಿದರು. ಮೂರು ಸಲವೂ ಅದೇ ಮಾತು.

ಮೊದಲನೆಯದಕ್ಕೆ ನಾನು ಉತ್ತರ ಕೊಟ್ಟೆ. ಮೊಣಕಾಲೂರಿ ಅವಳ ಮುಂದೆ ಕೂತು, "ಲಿಂತಾಂಗ್ ಸತ್ತುಹೋದ್ಳು ಮಗಾ. ಮನೆಗೆ ಹೋದ್ಳು ಅಂದಿದ್ದು ಸುಳ್ಳು. ಔಷಧಿ ಕೊಟ್ರು, ಆದ್ರೂ ಉಳೀಲಿಲ್ಲ," ಅಂದೆ. ಕೂಗುತ್ತಾಳೆ ಎಂದುಕೊಂಡಿದ್ದೆ. "ಹೂಂ," ಅಂದಳು. "ಚಪ್ಪಲಿ ಅವಳಮ್ಮಂಗೆ ಕಳಿಸು," ಅಂದಳು. ಆಮೇಲೆ ನನ್ನ ಕೊರಳಿಗೆ ಬಿದ್ದಳು. ಮೂರು ವಾರದಿಂದ ಮುಟ್ಟಗೊಡದವಳು.

ಎರಡನೆಯದಕ್ಕೆ ನಾನು ಸಿಂಬಾ ಕಡೆ ತಿರುಗಿದೆ. ಸಿಂಬಾ ಹೇಳಿದರು, "ಅದು ಅಪ್ಪನಿಂದ ಬರಲಿ. ಜಟೆಯ ಕೋರಿಕೆ ಅಪ್ಪನ ಕೈಯಿಂದಲೇ ಸಲ್ಲಬೇಕು. ಸುಳ್ಳು ಹೇಳಿದ್ರೆ ಕೊಟ್ಟ ಹಾಗಲ್ಲ. ಮಂಗಳವಾರದೊಳಗೆ ಬರದಿದ್ರೆ ಔಷಧಿಗೆ ಮುಂಚೆ ಮಗೂನ ಕರ್ಕೊಂಡು ಹೋಗ್ತೀನಿ. ಕೋರಿಕೆ ತೀರದ ಜಟೆ ಹೊತ್ತು ಈ ಮಗು ಆ ಸೂಜಿಗೆ ಕೈ ಕೊಡೋದು ಬೇಡ."

ಬು ಹೆರ್ಮಿನ್ ಜಗಳವಾಡಲಿಲ್ಲ. ಅಡುಗೆಮನೆಯಲ್ಲಿ ನನ್ನ ಪಕ್ಕ ಕೂತು, "ಹನ್ನೆರಡು ವರ್ಷದಿಂದ ಹೊದಿಕೆ ಒಗೀತಾ ಬಂದಿದ್ದೀನಿ ಯಾತ್ಮಿ. ಯಾವ ಮಗೂನೂ ನನ್ನನ್ನ ನಂಬಿರಲಿಕ್ಕಿಲ್ಲ ಅಂತ ಈಗ ಅನ್ನಿಸ್ತಿದೆ," ಅಂದರು. ಆ ಗಂಡಸಿನ ಧ್ವನಿ ಎಲ್ಲಿ ಹೋಗಿತ್ತೋ. ಸಂಜೆ ಅವರು ಮಕ್ಕಳನ್ನೆಲ್ಲ ಕೂರಿಸಿಕೊಂಡು ಲಿಂತಾಂಗ್‌ಳಿಗಾಗಿ ಪ್ರಾರ್ಥನೆ ಮಾಡಿಸಿದರು. ಮಕ್ಕಳಲ್ಲಿ ಯಾರೂ ಆಶ್ಚರ್ಯಪಡಲಿಲ್ಲ.

ಈ ಪತ್ರ ಇಂದೇ ಲಾರಿಯಲ್ಲಿ ಬರುತ್ತದೆ. ಮಂಗಳವಾರ ೧೯ನೇ ತಾರೀಖು. ಉಳಿದಿರುವುದು ಎರಡು ಎಳೆ. ಅವಳು ಮಲಗಿದಾಗ ಸಿಂಬಾ ಒಂದು ಕಡೆ, ನಾನು ಒಂದು ಕಡೆ ಕೂತು ಅವಳ ತಲೆ ಅಲುಗದಂತೆ ಕಾಯುತ್ತಿದ್ದೇವೆ. ನಿಮಗೂ ಹೆದರಿಕೆ ಎಂದು ಗೊತ್ತು. ಆದರೂ ನೀವು ಬರೆಯಲೇಬೇಕು. ಅವಳಿಗೆ ಅರ್ಥವಾಗುವ ಹಾಗೆ, ದೊಡ್ಡ ಅಕ್ಷರದಲ್ಲಿ ಬರೆಯಿರಿ.

ಯಾತ್ಮಿ

•

ಕಾರಾಂಗ್‌ಸೆಮಿ
೧೭ ಜೂನ್ ೨೦೧೨

ಯಾತ್ಮಿ,

ಮೂರು ದಿನ ಬರೆದೆ, ಹರಿದೆ. ಒಲೆಯ ತುಂಬ ಕಾಗದ. ಮಗಳಿಗೆ ನಿಜ ಬರೆಯಲು ಕೂತರೆ ಕೈ ಮುಂದೆ ಹೋಗುವುದಿಲ್ಲ. ಏಕೆ ಎಂದು ಈಗ ತಿಳಿಯಿತು. ಅದಕ್ಕಿಂತ ಮೊದಲು ಬರೆಯಬೇಕಾದದ್ದು ಒಂದಿತ್ತು.

ಪರ್ಜಾನ್‌ನ ಜಟೆಯನ್ನು ಶಾಲೆಯಲ್ಲಿ ಯಾರೋ ಕತ್ತರಿಸಿದರು ಎಂದು ನಿನಗೆ ಹೇಳಿದ್ದೆ. ಅಮ್ಮನಿಗೂ ಇಪ್ಪತ್ತೈದು ವರ್ಷದಿಂದ ಅದನ್ನೇ ಹೇಳಿದ್ದೇನೆ. ಯಾರೋ ಅಲ್ಲ, ನಾನು. ಎಲ್ಲರೂ ಅವನನ್ನೇ ಮುದ್ದು ಮಾಡುತ್ತಾರೆ ಎಂದು ಹೊಟ್ಟೆಕಿಚ್ಚಿಗೆ ಆಲೂಗಡ್ಡೆ ಹೆಚ್ಚುವ ಚಾಕುವಿನಿಂದ ಕೊಯ್ದೆ. "ಅಣ್ಣ, ನೋವಾಗಲ್ಲ, ಪೂರ್ತಿ ತೆಗಿ," ಎಂದು ನಕ್ಕಿದ್ದ. ನನ್ನಿಂದಲೇ ಸತ್ತನೋ, ಅವನಿಗೂ ಇಂಥದೇ ರೋಗವಿತ್ತೋ, ಯಾರಿಗೆ ಗೊತ್ತು? ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದುಕೊಂಡೇ ಇಷ್ಟು ವರ್ಷ ಬದುಕಿದೆ. ಇಬ್ಬನಿಯ ನೆಪ ಹೇಳಿ ಬರಲಿಲ್ಲ. ಅವಳ ಬೋಳು ತಲೆ ನೋಡಲು ಹೆದರಿಕೆಯಿತ್ತು, ಅಷ್ಟೆ.

ಇದನ್ನು ಅಮ್ಮನಿಗೆ ನೀನು ಓದಿ ಹೇಳು. ಒಂದು ಸಾಲೂ ಬಿಡಬೇಡ.

ತುರ್ಯೋನೋ

•

೧೮ ಜೂನ್, ಸೋಮವಾರ

ಕಿನಾಸಿ,

ಬಾಪಾ ಬರೆಯುತ್ತಿದ್ದೇನೆ. ನಿಧಾನವಾಗಿ ಓದು. ತಿಳಿಯದ ಅಕ್ಷರವನ್ನು ಟೀಚರ್ ಹತ್ತಿರ ಕೇಳು.

ಲಿಂತಾಂಗ್ ಹೋದ ಕಡೆ ನಾನೂ ಹೋಗ್ತೀನಾ ಎಂದು ಕೇಳಿದ್ದೀಯಂತೆ.

ನನಗೆ ಗೊತ್ತಿಲ್ಲ ಮಗಾ.

ಅಮ್ಮನಿಗೂ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ. ಗೊತ್ತಿದೆ ಅಂದವರು ಸುಳ್ಳು ಹೇಳುತ್ತಾರೆ. ಈ ಔಷಧಿ ತಗೊಂಡ ಕೆಲವು ಮಕ್ಕಳು ದೊಡ್ಡವರಾಗಿದ್ದಾರೆ. ಕೆಲವರು ಆಗಿಲ್ಲ. ನೀನು ದೊಡ್ಡವಳಾಗಬೇಕು ಎಂದು ನನಗೆ ಎಷ್ಟು ಆಸೆಯಿದೆ ಎಂದು ಬರೆಯಲು ಈ ಕಾಗದ ಸಾಲದು.

ಹೆದರಬೇಡ ಎಂದು ಬರೆಯುವುದಿಲ್ಲ. ಬಾಪಾಗೂ ತುಂಬ ಹೆದರಿಕೆ. ನಾಳೆ ಮಂಗಳವಾರ ಸೂಜಿ ಹಾಕುವಾಗ ನಾನು ನಿನ್ನ ಕೈ ಹಿಡಿದಿರುತ್ತೇನೆ. ಅದರ ಮುಂದಿನ ಮಂಗಳವಾರವೂ. ಎಷ್ಟು ಮಂಗಳವಾರ ಬಂದರೂ. ಇದು ನನಗೆ ಗೊತ್ತಿರುವ ನಿಜ.

ಈಗ ಜಟೆ ಕೊಡುವುದು ಬಿಡುವುದು ನಿನ್ನಿಷ್ಟ. ಕೊಡುವುದಾದರೆ ಕತ್ತರಿಯನ್ನು ಸಿಂಬಾ ಹಿಡಿಯಲಿ.

ಈ ಪತ್ರವನ್ನು ಸರ್ವಾನ್ ಕೈಗೆ ಕೊಟ್ಟು ಒಳಗೆ ಕಳಿಸಿದ್ದೇನೆ. ಬಾಯಲ್ಲಿ ಹೇಳಲು ಹೋದರೆ ಅಳು ಬಂದು ತಪ್ಪುತ್ತದೆ ಎಂದು ಲಾರಿಯಲ್ಲೇ ಕೂತು ಬರೆದೆ, ಅಕ್ಷರಗಳು ಅದಕ್ಕೇ ಕುಣಿದಿವೆ. ನಾನು ಗೇಟಿನಾಚೆ ನಿನ್ನ ಬಾತುಗಳ ಪಕ್ಕ ನಿಂತಿದ್ದೇನೆ. ಓದಿ ಮುಗಿಸಿದ ಮೇಲೆ ಕಿಟಕಿಯಿಂದ ಕರಿ. ಕೈಕಾಲು ತೊಳೆದುಕೊಂಡು ಒಳಗೆ ಬರುತ್ತೇನೆ.

ನಿನ್ನ,
ಬಾಪಾ